ಮಾವಿನ ಜಿಗಿಹುಳು: ನೋಡುವುದು ಹೇಗೆ, ಫೋಟೋ ತೆಗೆಯುವುದು ಹೇಗೆ? ಮಿಡಿ ಬೆಳೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಸಂಕ್ರಾಂತಿ ಕಳೆಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರುವಾಗುತ್ತವೆ. ಹಸಿರು, ಕಂದು ಎಲ್ಲ ಕಲಸಿಹೋದ ಮಬ್ಬು ಚಿತ್ರ. ಕೆಳಗೆ ಪ್ರಶ್ನೆ: "ಇದು ಯಾವ ಹುಳ? ಏನು ಹೊಡೀಬೇಕು?" ಹೊಸನಗರದಿಂದ ಬರಲಿ, ಸಾಗರದಿಂದ ಬರಲಿ, ಕಥೆ ಅದೇ. ಹುಳ ಇರಬೇಕಾದ ಜಾಗದಲ್ಲಿ ಒಂದು ಚುಕ್ಕೆ. ಎಷ್ಟೋ ಸಲ ಆ ಚುಕ್ಕೆಯೂ ಇರುವುದಿಲ್ಲ. ಕೊಂಬೆ ಹಿಡಿದ ಕೂಡಲೇ ಅದು ಹಾರಿಹೋಗಿರುತ್ತದೆ.

ಇಂಥ ಒಂದು ಫೋಟೋ ನೋಡಿ ನಾನೇ ಒಮ್ಮೆ ನೆಂಟರೊಬ್ಬರಿಗೆ "ಬೂದಿ ರೋಗ ಇರಬೇಕು, ಗಂಧಕ ಹೊಡೀರಿ" ಎಂದುಬಿಟ್ಟೆ. ವಾರ ಬಿಟ್ಟು ಅವರ ಮನೆಗೆ ಹೋದಾಗ ನೋಡಿದರೆ, ಹೂವಿನ ಕಡ್ಡಿಯ ಮೇಲೆ ಬೆಳ್ಳಗೆ ಕಂಡದ್ದು ಬೂದಿಯಲ್ಲ, ಜಿಗಿಹುಳುವಿನ ಮರಿಗಳು ಕಳಚಿಟ್ಟ ಪೊರೆ. ಅಷ್ಟರಲ್ಲಿ ಅರ್ಧ ಹೂ ಕರಟಿತ್ತು. ತಪ್ಪು ನನ್ನದೇ. ಅವತ್ತಿನಿಂದ ಮಬ್ಬು ಫೋಟೋಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಬದಲಿಗೆ ಇಷ್ಟನ್ನು ಬರೆದಿದ್ದೇನೆ.

ಚಂದದ ಫೋಟೋ ತೆಗೆಯುವ ಪಾಠ ಇದಲ್ಲ. ನೋಡಿದವರು ಹುಳ ಯಾವುದು ಎಂದು ಹೇಳುವಂತಿದ್ದರೆ ಸಾಕು.

ಹುಡುಕುತ್ತಿರುವುದು ಏನನ್ನು?

ಜಿಗಿಹುಳು 3ರಿಂದ 5 ಮಿಲಿಮೀಟರ್ ಉದ್ದ. ಹೆಚ್ಚೆಂದರೆ ಒಂದು ಜೀರಿಗೆ ಕಾಳಿನಷ್ಟು. ತಲೆಯ ಕಡೆ ಅಗಲ, ಬಾಲದ ಕಡೆ ಚೂಪು, ಸೌದೆ ಸೀಳುವ ಬೆಣೆಯನ್ನು ಚಿಕ್ಕದು ಮಾಡಿದ ಹಾಗೆ. ಬಣ್ಣ ಕಂದು ಅಥವಾ ಬೂದು. ಮರಿಗಳಿಗೆ ರೆಕ್ಕೆ ಇಲ್ಲ, ಬಣ್ಣವೂ ತಿಳಿ. ಮರಿ, ದೊಡ್ಡದು ಎರಡೂ ಹೂಗೊಂಚಲು ಮತ್ತು ಎಳೆ ಚಿಗುರಿನ ರಸ ಹೀರುತ್ತವೆ. ಹೀರಿದ್ದರಲ್ಲಿ ಹೆಚ್ಚಾದದ್ದನ್ನು ಸಿಹಿ ಅಂಟಾಗಿ ಹೊರಗೆ ಬಿಡುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಹೂ ಒಣಗುತ್ತದೆ, ಕಟ್ಟಿದ ಮಿಡಿ ಉದುರುತ್ತದೆ.

ಮೊಟ್ಟೆ ಹುಡುಕಲು ಹೋಗಬೇಡಿ. ಅವು ಹೂವಿನ ಕಡ್ಡಿಯ ಒಳಗೆ, ಎಳೆ ಎಲೆಯ ನಡುನರದ ಒಳಗೆ ಇರುತ್ತವೆ. ಕಾಣುವುದಿಲ್ಲ.

ಹಂತ 1: ಕೈಚೀಲಕ್ಕೆ ಏನೇನು ಬೇಕು

ಫೋನ್ ಹೇಗೂ ಇದೆ. ಅದಕ್ಕೆ ಸಿಕ್ಕಿಸುವ, ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಇದ್ದರೆ ಒಳ್ಳೆಯದು. ದುಬಾರಿಯದ್ದು ಬೇಡ, ಅಂಚಿನಲ್ಲಿ ಸ್ವಲ್ಪ ಮಬ್ಬಾದರೂ ನಡುವೆ ಸ್ಪಷ್ಟವಾಗಿದ್ದರೆ ನಡೆಯುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ. ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಒಂದು ಸ್ಕೇಲ್. ಎರಡು ಬಿಳಿ ಹಾಳೆ, ಒಂದು ರಟ್ಟು. ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲ. ಮುಚ್ಚಳ ಇರುವ ಖಾಲಿ ಮಾತ್ರೆ ಡಬ್ಬಿ. ಬಟ್ಟೆ ಒಣಗಿಸುವ ಕ್ಲಿಪ್ ಎರಡು. ಬರೆದುಕೊಳ್ಳಲು ಪೆನ್ಸಿಲ್, ಯಾಕೆಂದರೆ ಇಬ್ಬನಿಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ಕೊನೆಗೆ ಒಂದು ಬಿಳಿ ಪಂಚೆ. ಅದರ ಕೆಲಸ ಆಮೇಲೆ ಹೇಳುತ್ತೇನೆ.

ಹೊರಡುವ ಮೊದಲು ಫೋನಿನ ಲೆನ್ಸ್ ಒರೆಸಿ. ನಗಬೇಡಿ. ನನಗೆ ಬರುವ ಮಬ್ಬು ಫೋಟೋಗಳಲ್ಲಿ ಎಷ್ಟೋ ಬೆರಳಿನ ಜಿಡ್ಡಿನಿಂದಲೇ ಕೆಟ್ಟಿರುತ್ತವೆ.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೆ ಮಾತ್ರ. ಮಾವು ಹೂ ಬಿಡುವ ಕಾಲವೇ ಉಣುಗಿನ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ಚಳಿಗಾಲದಿಂದ ಮಳೆ ಹಿಡಿಯುವ ತನಕ ಕಾಡುತ್ತದೆ. ಮರ ಬ್ಯಾಣದಲ್ಲೋ (ಹುಲ್ಲುಗಾವಲಲ್ಲೋ) ಸೊಪ್ಪಿನ ಬೆಟ್ಟದ ಅಂಚಿನಲ್ಲೋ ಇದ್ದರೆ ಉದ್ದ ತೋಳಿನ ಅಂಗಿ, ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು ಇರಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ಎಣ್ಣೆ ಮನೆಯಲ್ಲಿದ್ದರೆ ಹಚ್ಚಿಕೊಳ್ಳಿ. ಫೋಟೋ ತೆಗೆಯಲು ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಉಟ್ಟ ಬಟ್ಟೆ ಬಿಸಿನೀರಿಗೆ ಹಾಕಿ.

ಹಂತ 2: ಯಾವಾಗ ಹೋಗಬೇಕು

ಬೆಳಿಗ್ಗೆ. ತಿಂಡಿ ಮುಗಿಸಿ ಹತ್ತು ಗಂಟೆಗೆ ಹೋದರೆ ಅದು ಬೆಳಿಗ್ಗೆ ಅಲ್ಲ. ಬೆಳಕು ಹರಿದು ಬಿಸಿಲು ಮರದ ನೆತ್ತಿಗೆ ಬೀಳುವ ಹೊತ್ತಿನಲ್ಲಿ, ಅಂದರೆ ಆರೂಮುಕ್ಕಾಲರಿಂದ ಎಂಟೂವರೆಯ ಒಳಗೆ ಹೋಗಿ. ಚಳಿಗೆ ಹುಳ ಜಡವಾಗಿರುತ್ತದೆ. ನಡೆದರೆ ನಿಧಾನ ನಡೆಯುತ್ತದೆ, ಜಿಗಿದರೂ ಪಕ್ಕದ ಕಡ್ಡಿಗೆ. ಮೈ ಬಿಸಿಯಾದ ಮೇಲೆ ನಿಮ್ಮ ನೆರಳು ಬಿದ್ದರೂ ಟಪ್ ಎಂದು ಹಾರುತ್ತದೆ. ಬೆಳಿಗ್ಗೆ ಗಾಳಿಯೂ ಕಡಿಮೆ.

ದಿನ ಆರಿಸುವುದು ಸುಲಭ. ಹೂವಿನ ತೆನೆ ಹೊರಟು ಬೆರಳುದ್ದ ಆದಾಗ ಒಮ್ಮೆ, ಹೂ ಅರಳುವಾಗ ಒಮ್ಮೆ, ಮಿಡಿ ಸಾಸಿವೆ ಗಾತ್ರ ಇರುವಾಗ ಒಮ್ಮೆ. ನಡುವೆ ಎರಡು ಮೂರು ದಿನ ಮೋಡ ಕವಿದರೆ ಮತ್ತೊಂದು ಸಲ ಹೋಗಿ ಬನ್ನಿ. ಮೋಡ, ಮಂಜು, ತೇವ ಜಾಸ್ತಿ ಇದ್ದಾಗ ಈ ಹುಳ ಬೇಗ ಏಳಿಗೆಯಾಗುತ್ತದೆ. ಮೊಟ್ಟೆಯಿಂದ ದೊಡ್ಡದಾಗಲು ಎರಡು ಮೂರು ವಾರ ಸಾಕು. ತಿಂಗಳು ಬಿಟ್ಟು ಹೋದರೆ ನಿಮಗೆ ಕಾಣುವುದು ಅದರ ಮೊಮ್ಮಕ್ಕಳು.

ಔಷಧಿ ಹೊಡೆದ ತೋಟಕ್ಕೆ ತಕ್ಷಣ ಹೋಗಬೇಡಿ. ಡಬ್ಬಿಯ ಮೇಲೆ ಎಷ್ಟು ದಿನ ದೂರ ಇರಬೇಕು ಎಂದು ಬರೆದಿರುತ್ತದೆ. ಅಷ್ಟು ದಿನ ಕಾಯಿರಿ.

ಹಂತ 3: ಮುಟ್ಟದೆ ಹತ್ತು ನಿಮಿಷ

ಬಹುತೇಕರು ಎಡವುವುದು ಇಲ್ಲೇ. ಮರದ ಹತ್ತಿರ ಹೋದ ಕೂಡಲೇ ಕೊಂಬೆ ಬಗ್ಗಿಸುತ್ತಾರೆ. ಅಲ್ಲಿಗೆ ಆಟ ಮುಗಿಯಿತು.

ಮೊದಲು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕೇಳಿ. ಹುಳ ತುಂಬಾ ಇರುವ ಮರದ ಕೆಳಗೆ ನಡೆದರೆ ಅವು ಎಲೆಯಿಂದ ಎಲೆಗೆ ಜಿಗಿಯುವ ಟಿಕ್ ಟಿಕ್ ಸದ್ದು ಕೇಳುತ್ತದೆ, ಒಣ ಎಲೆಯ ಮೇಲೆ ಹನಿ ಮಳೆ ಬಿದ್ದಂತೆ. ಆಮೇಲೆ ಕೆಳಗಿನ ಗಿಡಗಳ ಎಲೆ ನೋಡಿ. ಮಾವಿನ ಕೆಳಗಿರುವ ಕಾಫಿ, ಕಾಳುಮೆಣಸು, ಬಾಳೆ ಯಾವುದಾದರೂ ಸರಿ, ಎಲೆಯ ಮೇಲ್ಭಾಗ ವಾರ್ನಿಷ್ ಹಚ್ಚಿದ ಹಾಗೆ ಹೊಳೆಯುತ್ತಿದೆಯಾ?

ಇರುವೆ ಸಾಲು ಎತ್ತ ಹೋಗುತ್ತಿದೆ ನೋಡಿ. ಅಂಟಿನ ಸಿಹಿಗೆ ಇರುವೆ ಬರುತ್ತದೆ. ಸಾಲು ಹಿಡಿದು ಹೋದರೆ ಹುಳ ಜಾಸ್ತಿ ಇರುವ ಗೊಂಚಲಿಗೆ ಅದೇ ಕರೆದುಕೊಂಡು ಹೋಗುತ್ತದೆ. ಚಗಳಿ (ಕಚ್ಚುವ ಕೆಂಪಿರುವೆ) ಸಾಲಾದರೆ ಮಾತ್ರ ಮೊದಲು ಅದರ ಗೂಡು ಎಲ್ಲಿದೆ ಎಂದು ತಲೆ ಎತ್ತಿ ನೋಡಿಕೊಳ್ಳಿ. ಕಾಲರಿನೊಳಗೆ ನಾಲ್ಕು ಚಗಳಿ ಇಳಿದವನಿಗೆ ಫೋಕಸ್ಸು, ಬೆಳಕು ಯಾವುದೂ ನೆನಪಿರುವುದಿಲ್ಲ.

ಹಂತ 4: ಐದು ಫೋಟೋ, ಇದೇ ಕ್ರಮದಲ್ಲಿ

ದೂರದಿಂದ ಹತ್ತಿರಕ್ಕೆ ಬನ್ನಿ. ಯಾಕೆ? ಹತ್ತಿರದ ಫೋಟೋಗೆ ಕೈ ಹಾಕಿದ ಮೇಲೆ ಹುಳ ಚದುರುತ್ತದೆ. ಆಮೇಲೆ ದೂರದ ಫೋಟೋ ತೆಗೆದರೆ ಅದರಲ್ಲಿ ಇರುವುದು ಖಾಲಿ ಗೊಂಚಲು.

1. ಇಡೀ ಮರ. ಹೂ ಎಷ್ಟು ಬಂದಿದೆ, ಸುತ್ತ ನೆರಳು ಎಷ್ಟಿದೆ ಎನ್ನುವುದು ಕಾಣಬೇಕು. ಒತ್ತೊತ್ತಾಗಿ ಬೆಳೆದು ಬಿಸಿಲು ಬೀಳದ ಕಡೆ ಈ ಹುಳ ಜಾಸ್ತಿ.

2. ಒಂದು ಕೊಂಬೆ, ಅದರ ಹೂಗೊಂಚಲುಗಳ ಜೊತೆ.

3. ಒಂದೇ ಗೊಂಚಲು, ಬುಡದಿಂದ ತುದಿಯ ತನಕ. ಕರಟಿದ ಭಾಗ, ಹಸಿರು ಭಾಗ ಎರಡೂ ಬರಲಿ.

4. ಎಲೆ. ಮೇಲ್ಭಾಗ ಒಂದು, ಕೆಳಭಾಗ ಒಂದು. ಕಪ್ಪು ಬೂಷ್ಟು ಇದ್ದರೆ ಒದ್ದೆ ಬೆರಳಿನಿಂದ ಒಂದು ಗೆರೆ ಎಳೆದು, ಗೆರೆ ಸಮೇತ ತೆಗೆಯಿರಿ. ಬೂಷ್ಟಾದರೆ ಮಸಿ ಒರೆಸಿದಂತೆ ಬಂದು ಕೆಳಗೆ ಹಸಿರು ಕಾಣುತ್ತದೆ. ಎಲೆಯೇ ಸುಟ್ಟಿದ್ದರೆ ಏನೂ ಬರುವುದಿಲ್ಲ.

5. ಹುಳ.

ನನಗೆ ಬರುವುದು ಸಾಮಾನ್ಯವಾಗಿ ಐದನೆಯದು ಮಾತ್ರ, ಅದೂ ಕೆಟ್ಟದ್ದು. ನಿಜ ಹೇಳಬೇಕೆಂದರೆ ಮೊದಲ ನಾಲ್ಕು ಸರಿಯಾಗಿದ್ದರೆ ಐದನೆಯದು ಮಬ್ಬಾದರೂ ಅರ್ಧ ಉತ್ತರ ಸಿಗುತ್ತದೆ.

ಹಂತ 5: ಹುಳದ ಹತ್ತಿರದ ಫೋಟೋ

ನಿಮ್ಮ ಎದೆಯೆತ್ತರದ ಒಂದು ಗೊಂಚಲು ಆರಿಸಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬಾರದು, ನೆರಳು ನೇರ ಹುಳದ ಮೇಲೆ ಬೀಳುತ್ತದೆ. ಪಕ್ಕದಿಂದ ಬೆಳಕು ಬರುವಂತೆ ನಿಲ್ಲಿ. ಬಿಸಿಲು ಜೋರಾಗಿದ್ದರೆ ಈಗ ಪಂಚೆ ತೆಗೆಯಿರಿ. ಜೊತೆಯಲ್ಲಿ ಬಂದವರು ಬಿಸಿಲಿಗೆ ಅಡ್ಡ ಹಿಡಿದು ನಿಂತರೆ ಬೆಳಕು ಸೋಸಿ ಬರುತ್ತದೆ, ಗಾಳಿಯೂ ತಡೆಯುತ್ತದೆ. ಜಿಗಿಹುಳುವಿನ ಬೆನ್ನು ನುಣುಪು. ನೇರ ಬಿಸಿಲಿಗೆ, ಫ್ಲ್ಯಾಶಿಗೆ ಅದು ಬೆಳ್ಳಗೆ ಹೊಳೆದು ಗುರುತು ಸಿಗಬೇಕಾದ ಚುಕ್ಕೆಗಳೇ ಅಳಿಸಿಹೋಗುತ್ತವೆ. ಫ್ಲ್ಯಾಶ್ ಬೇಕೇಬೇಕು ಎಂದರೆ ಅದರ ಮೇಲೆ ಎರಡು ಪದರ ಟಿಶ್ಯೂ ಕಾಗದ ಅಂಟಿಸಿ.

ಗೊಂಚಲು ಅಲ್ಲಾಡುತ್ತಿದ್ದರೆ ಕೈಯಲ್ಲಿ ಹಿಡಿಯಬೇಡಿ. ಅದರ ಬುಡದ ಕೊಂಬೆಯನ್ನು ಪಕ್ಕದ ಗಟ್ಟಿ ಕೊಂಬೆಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ ಎರಡು ನಿಮಿಷ ಸುಮ್ನೆ ನಿಲ್ಲಿ. ಕದಲಿದ ಹುಳಗಳು ಮತ್ತೆ ಕೂರುತ್ತವೆ.

ಈಗ ಒಂದು ಗುಟ್ಟು. ಫೋನ್ ಹತ್ತಿರ ತಂದರೆ ಜಿಗಿಹುಳು ತಕ್ಷಣ ಜಿಗಿಯುವುದಿಲ್ಲ. ಮೊದಲು ಏಡಿಯ ಹಾಗೆ ಅಡ್ಡಡ್ಡ ನಡೆದು ಕಡ್ಡಿಯ ಆಚೆ ಬದಿಗೆ ಸರಿಯುತ್ತದೆ. ಕಂಬದ ಹಿಂದೆ ಅಡಗುವ ಮಗುವಿನ ಥರ. ಅದನ್ನು ಹಿಂಬಾಲಿಸಿ ನೀವು ಸುತ್ತಬೇಡಿ, ನೀವು ಸುತ್ತಿದಷ್ಟೂ ಅದೂ ಸುತ್ತುತ್ತದೆ. ಫೋನನ್ನು ಅಲ್ಲೇ ಇಟ್ಟು, ಎಡಗೈಯ ಒಂದು ಬೆರಳನ್ನು ನಿಧಾನವಾಗಿ ಕಡ್ಡಿಯ ಆಚೆಯಿಂದ ತನ್ನಿ. ಬೆರಳಿಗೆ ಹೆದರಿ ಅದು ಮತ್ತೆ ಈಚೆ ಬರುತ್ತದೆ, ಸೀದಾ ನಿಮ್ಮ ಲೆನ್ಸಿನ ಮುಂದೆ. ಮೊದಲ ಸಲ ಇದು ಕೈಗೂಡಿದಾಗ ಆಗುವ ಖುಷಿಯೇ ಬೇರೆ.

ಫೋಕಸ್ ವಿಷಯ. ಪರದೆಯಲ್ಲಿ ಹುಳದ ಮೇಲೆ ಬೆರಳು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಪರದೆ ಮುಟ್ಟಬೇಡಿ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಂಡು, ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಇಡೀ ಮೈಯನ್ನು ಒಂದಿಷ್ಟು ಹಿಂದೆ ಮುಂದೆ ತೂಗಿ. ತೂಗುತ್ತಾ ಒಂದರ ಹಿಂದೆ ಒಂದು ಹದಿನೈದು ಇಪ್ಪತ್ತು ಫೋಟೋ ತೆಗೆಯಿರಿ. ಅದರಲ್ಲಿ ಎರಡು ಸ್ಪಷ್ಟವಾಗಿ ಬಂದರೆ ಗೆದ್ದಿರಿ. ಸಿಕ್ಕಿಸುವ ಲೆನ್ಸ್ ಹಾಕಿದ್ದರೆ ಹುಳಕ್ಕೂ ಲೆನ್ಸಿಗೂ ಎರಡು ಮೂರು ಸೆಂಟಿಮೀಟರ್ ಅಂತರ ಮಾತ್ರ ಇರುತ್ತದೆ, ಆಚೀಚೆ ಆದರೆ ಮಬ್ಬು. ಲೆನ್ಸ್ ಇಲ್ಲದವರು ಫೋನನ್ನು ಹುಳದ ಮೂತಿಗೆ ಹಿಡಿಯುವುದು ದೊಡ್ಡ ತಪ್ಪು. ಒಂದು ಗೇಣು ದೂರದಲ್ಲಿ ನಿಂತು ಎರಡು ಪಟ್ಟು ಜೂಮ್ ಮಾಡಿ. ಅದಕ್ಕಿಂತ ಜಾಸ್ತಿ ಜೂಮ್ ಬೇಡ, ಚಿತ್ರ ಒಡೆಯುತ್ತದೆ.

ದೊಡ್ಡ ಹುಳ ಸಿಗದಿದ್ದರೆ ಮರಿಗಳನ್ನು ಹುಡುಕಿ. ಅವು ಹೂವಿನ ಕವಲುಗಳ ಸಂದಿಯಲ್ಲಿ ಗುಂಪಾಗಿ ಇರುತ್ತವೆ. ರೆಕ್ಕೆ ಇಲ್ಲದ್ದರಿಂದ ಹಾರಿ ಹೋಗುವ ಭಯ ಇಲ್ಲ. ಮರಿ ಕಂಡರೆ ಅದು ದೊಡ್ಡದಕ್ಕಿಂತ ಮುಖ್ಯ ಸುದ್ದಿ, ಯಾಕೆಂದರೆ ಹುಳ ಬಂದು ಹೋಗಿಲ್ಲ, ನಿಮ್ಮ ಮರದಲ್ಲೇ ಸಂಸಾರ ಹೂಡಿದೆ ಎಂದರ್ಥ.

ಹಂತ 6: ಬೆನ್ನಿನ ಚುಕ್ಕೆಗಳ ಫೋಟೋ

ನಮ್ಮಲ್ಲಿ ಮಾವಿಗೆ ಬರುವ ಜಿಗಿಹುಳು ಒಂದೇ ಜಾತಿಯದ್ದಲ್ಲ. ತಲೆಯ ಹಿಂದೆ, ರೆಕ್ಕೆ ಶುರುವಾಗುವಲ್ಲಿ ಒಂದು ಚಿಕ್ಕ ತ್ರಿಕೋನ ಇರುತ್ತದೆ. ಗುರುತು ಇರುವುದು ಅದರ ಮೇಲೆ. ಎಲ್ಲಕ್ಕಿಂತ ದೊಡ್ಡದಾದ ಅಮ್ರಿಟೋಡಸ್ ಅಟ್ಕಿನ್ಸೋನಿಗೆ ಅಲ್ಲಿ ಎರಡು ಚುಕ್ಕೆ. ಎಲ್ಲಕ್ಕಿಂತ ಚಿಕ್ಕದಾದ ಇಡಿಯೋಸ್ಕೋಪಸ್ ಕ್ಲಿಪಿಯಾಲಿಸ್‌ಗೂ ಎರಡು ಚುಕ್ಕೆ, ಜೊತೆಗೆ ತಲೆಯ ಮೇಲೂ ಕಪ್ಪು ಚುಕ್ಕೆಗಳು. ಮೂರು ಚುಕ್ಕೆ ಇದ್ದು ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ ಇದ್ದರೆ ಇಡಿಯೋಸ್ಕೋಪಸ್ ಗುಂಪಿನದೇ ಇನ್ನೊಂದು. ತೋಟದವರಿಗೆ ಈ ಹೆಸರುಗಳು ಬಾಯಿಪಾಠ ಬೇಕಿಲ್ಲ. ಚುಕ್ಕೆ ಕಾಣುವಂತೆ ಫೋಟೋ ಬಂದರೆ ಸಾಕು, ಹೆಸರು ಹೇಳುವವರು ಹೇಳುತ್ತಾರೆ.

ಹುಳವನ್ನು ಹಿಡಿಯಲು ಮಾತ್ರೆ ಡಬ್ಬಿಯ ಬಾಯಿಯನ್ನು ಕಡ್ಡಿಯ ಕೆಳಗೆ ಹಿಡಿದು ಮೇಲಿಂದ ಮುಚ್ಚಳ ತನ್ನಿ. ಜಿಗಿದದ್ದು ಡಬ್ಬಿಗೇ ಬೀಳುತ್ತದೆ. ಮನೆಗೆ ತಂದು ಫ್ರಿಜ್ಜಿನಲ್ಲಿ ಐದರಿಂದ ಹತ್ತು ನಿಮಿಷ ಇಡಿ. ಐಸ್ ಆಗುವ ಮೇಲಿನ ಖಾನೆಯಲ್ಲಿ ಬೇಡ. ಮನೆಯಲ್ಲಿ ಮೊದಲೇ ಹೇಳಿ ಇಡಿ, ಜೀರಿಗೆ ಎಂದುಕೊಂಡು ಯಾರಾದರೂ ಡಬ್ಬಿ ತೆಗೆದರೆ ಕಷ್ಟ. ಅಷ್ಟರಲ್ಲಿ ಕಿಟಕಿ ಪಕ್ಕ ಬಿಳಿ ಹಾಳೆ, ಸ್ಕೇಲ್ ಸಿದ್ಧ ಮಾಡಿಕೊಳ್ಳಿ. ತಣ್ಣಗಾದ ಹುಳವನ್ನು ಸ್ಕೇಲಿನ ಮಿಲಿಮೀಟರ್ ಗೆರೆಯ ಪಕ್ಕ ಉದುರಿಸಿದರೆ ಒಂದೆರಡು ನಿಮಿಷ ಅಲ್ಲಾಡುವುದಿಲ್ಲ. ನೆತ್ತಿಯ ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ ಕಡೆಯಿಂದ ಒಂದು. ಕಾಲು ಮಿಡುಕಾಡಲು ಶುರುವಾದರೆ ಸಮಯ ಮುಗಿಯಿತು ಎಂದರ್ಥ.

ಹಂತ 7: ಎಣಿಸುವುದು

ಹುಳ ಇದೆ ಎನ್ನುವುದು ಬೇರೆ, ಔಷಧಿ ಹೊಡೆಯುವಷ್ಟು ಇದೆ ಎನ್ನುವುದು ಬೇರೆ. ಒಂದು ಗೊಂಚಲಿಗೆ ಸರಾಸರಿ ಐದರ ಹತ್ತಿರ ಬಂದರೆ ಯೋಚಿಸಬೇಕಾದ ಮಟ್ಟ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ.

ಪ್ಲಾಸ್ಟಿಕ್ ಚೀಲದ ಬಾಯಿ ಅಗಲಿಸಿ, ಗೊಂಚಲನ್ನು ತುದಿಯಿಂದ ಬುಡದವರೆಗೆ ನಿಧಾನವಾಗಿ ಒಳಗೆ ತೆಗೆದುಕೊಳ್ಳಿ. ಬಾಯಿ ಮುಷ್ಟಿಯಲ್ಲಿ ಹಿಡಿದು ಮೆಲ್ಲಗೆ ನಾಲ್ಕು ಸಲ ಅಲ್ಲಾಡಿಸಿ. ಚೀಲದೊಳಗೆ ಓಡಾಡುವ ಹುಳಗಳನ್ನು ಎಣಿಸಿ, ಬರೆದು, ಬಿಡಿ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಪ್ರತಿ ದಿಕ್ಕಿಗೆ ಎರಡು ಗೊಂಚಲು. ಎಂಟರ ಲೆಕ್ಕ ಕೂಡಿ ಎಂಟರಿಂದ ಭಾಗಿಸಿ. ಒಂದೇ ಗೊಂಚಲಿನಲ್ಲಿ ಇಪ್ಪತ್ತು ಕಂಡು ಗಾಬರಿಯಾಗುವವರೂ ಇದ್ದಾರೆ, ಒಂದರಲ್ಲಿ ಏನೂ ಕಾಣದೆ ನಿಶ್ಚಿಂತೆಯಿಂದ ಹೋಗುವವರೂ ಇದ್ದಾರೆ. ಇಬ್ಬರದೂ ತಪ್ಪು.

ಸಂಖ್ಯೆ ಜಾಸ್ತಿ ಬಂತು ಎಂದು ಹೂ ಪೂರ್ತಿ ಅರಳಿದ ದಿನವೇ ಪಂಪು ಹೊರಬೇಡಿ. ಅದೇ ಗೊಂಚಲಿನಲ್ಲಿ ಮಿಡಿ ಕಟ್ಟಿಸುವ ನೊಣ, ಮಿಸರಿ ಜೇನು ಎಲ್ಲ ಕೂತಿರುತ್ತವೆ. ತಿಳಿದವರನ್ನು ಕೇಳಿಕೊಂಡು ಮುಂದುವರಿಯಿರಿ.

ಮರ ಕೈಗೆ ಸಿಗದಿದ್ದರೆ

ಕಸಿ ಗಿಡದವರಿಗೆ ಇದು ಬೇಕಿಲ್ಲ. ಆದರೆ ಹೊಳೆ ಬದಿಯ ಹಳೆಯ ಅಪ್ಪೆ (ಉಪ್ಪಿನಕಾಯಿ ಮಿಡಿಯ ಮಾವು) ಮರದ ಮೊದಲ ಕೊಂಬೆಯೇ ಮನೆಯ ಮಾಡಿಗಿಂತ ಮೇಲೆ ಇರುತ್ತದೆ. ಫೋಟೋಗೆಂದು ಹತ್ತಬೇಡಿ. ಇಬ್ಬನಿಗೆ ತೊಗಟೆ ಜಾರುತ್ತದೆ. ಮಿಡಿ ಕೊಯ್ಯುವವರೇ ಆ ಹೊತ್ತಿಗೆ ಹತ್ತುವುದಿಲ್ಲ.

ಬದಲಿಗೆ ಸಂಜೆ ಎರಡು ಬಾಳೆಲೆ ತುಂಡು ಕೊಯ್ದು, ಒರೆಸಿ, ಒಂದನ್ನು ಮರದ ಕೆಳಗೆ, ಇನ್ನೊಂದನ್ನು ಬಯಲಿನಲ್ಲಿ ಕಲ್ಲು ಹೇರಿ ಇಡಿ. ಬೆಳಿಗ್ಗೆ ಎರಡರ ಮೇಲೂ ಹನಿ ಇರುತ್ತದೆ. ಗಡಿಬಿಡಿ ಮಾಡಬೇಡಿ, ಇಬ್ಬನಿ ಆರಲಿ. ಬಯಲಿನ ಎಲೆ ಒಣಗಿ ಬರಿದಾಗುತ್ತದೆ. ಮರದ ಕೆಳಗಿನ ಎಲೆಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಹೊಳೆಯುವ ಚುಕ್ಕೆಗಳು ಉಳಿದು, ಬೆರಳಿಟ್ಟರೆ ಅಂಟಿದರೆ, ಮೇಲೆ ರಸ ಹೀರುವ ಹುಳ ಇದೆ. ಎರಡೂ ಎಲೆ ಅಕ್ಕಪಕ್ಕ ಇಟ್ಟು ಓರೆ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ.

ಹೂವಿಲ್ಲದ ಕಾಲದಲ್ಲಿ ಕಾಂಡದ ತೊಗಟೆ ಬಿರುಕು ನೋಡಿ. ದೊಡ್ಡ ಹುಳಗಳು ಅಲ್ಲಿ ಅಡಗಿ ಕಾಲ ಕಳೆಯುತ್ತವೆ. ಟಾರ್ಚನ್ನು ಕಾಂಡಕ್ಕೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ ತೊಗಟೆಯ ಬಣ್ಣದ ನಡುವೆಯೂ ಅವುಗಳ ನೆರಳು ಎದ್ದು ಕಾಣುತ್ತದೆ.

ಮೋಸ ಹೋಗುವ ಜಾಗಗಳು

ಬಿಳಿ ಪೊರೆ. ನನ್ನ ಕಥೆ ಹೇಳಿದೆನಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಪೊರೆಗೆ ಕಾಲು, ತಲೆಯ ಆಕಾರ ಎಲ್ಲ ಇರುತ್ತದೆ, ಊದಿದರೆ ಅಲುಗುತ್ತದೆ. ಬೂದಿ ರೋಗ ಹಿಟ್ಟು ಚೆಲ್ಲಿದಂತೆ ಹರಡಿರುತ್ತದೆ, ಬೆರಳಿಗೆ ಹತ್ತುತ್ತದೆ. ಇದೇ ಪೊರೆ ನೋಡಿ "ಹೊಡೆದ ಔಷಧಿಗೆ ಹುಳ ಸತ್ತು ಬೆಳ್ಳಗಾಗಿದೆ" ಎಂದು ಸಂತೋಷಪಡುವವರೂ ಇದ್ದಾರೆ. ಸತ್ತಿಲ್ಲ, ಬಟ್ಟೆ ಬದಲಿಸಿದೆ ಅಷ್ಟೇ.

ಸೊನೆ. ಮಿಡಿಯ ತೊಟ್ಟಿನಿಂದ ಇಳಿಯುವ ಸೊನೆಯೂ ಅಂಟು, ಹುಳದ ಅಂಟೂ ಅಂಟು. ಸೊನೆ ಗಾಯವಾದ ಜಾಗದಲ್ಲಿ ಮಾತ್ರ ಇರುತ್ತದೆ, ಘಾಟು ವಾಸನೆ, ಚರ್ಮ ಸುಡುತ್ತದೆ. ಹುಳದ ಅಂಟು ಎಲೆ ತುಂಬಾ ಚಿಮುಕಿಸಿದಂತೆ ಇರುತ್ತದೆ. ನೆಕ್ಕಿ ನೋಡುವ ಸಾಹಸ ಬೇಡ.

ಹಿಟ್ಟು ತಿಗಣೆ. ಇದಕ್ಕೂ ಅಂಟು, ಬೂಷ್ಟು, ಇರುವೆ ಎಲ್ಲ ಉಂಟು. ಆದರೆ ಮೈಮೇಲೆ ಬಿಳಿ ಮೇಣ ಹೊದ್ದು ಕೂತಲ್ಲೇ ಕೂತಿರುತ್ತದೆ, ಮುಟ್ಟಿದರೆ ಜಿಗಿಯುವುದಿಲ್ಲ.

ಹಂತ 8: ಕಳಿಸುವುದು, ಮತ್ತೆ ಹೋಗುವುದು

ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ ಚುಕ್ಕೆಗಳೆಲ್ಲ ಕರಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿ. ನೀವೇ ಕತ್ತರಿಸಿ, ಬಣ್ಣ ಏರಿಸಿ ಕಳಿಸಬೇಡಿ. ಜೊತೆಗೆ ನಾಲ್ಕು ಸಾಲು ಬರೆಯಿರಿ: ದಿನಾಂಕ, ಊರು, ಮಾವು ಯಾವುದು (ಜೀರಿಗೆಯೋ, ಅನಂತಭಟ್ಟನ ಅಪ್ಪೆಯೋ, ಕಸಿಯೋ), ಹೂ ಯಾವ ಹಂತದಲ್ಲಿದೆ, ಎಣಿಕೆ ಎಷ್ಟು ಬಂತು, ಈ ವರ್ಷ ಏನಾದರೂ ಹೊಡೆದಿದ್ದೀರಾ. ಹೊಡೆದದ್ದನ್ನು ಮುಚ್ಚಿಡುವವರೇ ಜಾಸ್ತಿ, ಹಾಗೆ ಮಾಡಿದರೆ ಸಲಹೆಯೇ ತಪ್ಪುತ್ತದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೋ, ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ತೋರಿಸುವುದಾದರೆ ಐದೂ ಫೋಟೋ, ಈ ನಾಲ್ಕು ಸಾಲು ಎರಡೂ ಒಟ್ಟಿಗೆ ಇರಲಿ.

ಒಂದು ವಾರ ಬಿಟ್ಟು ಅದೇ ಹೊತ್ತಿಗೆ, ಅದೇ ಗೊಂಚಲುಗಳಿಗೆ ಮತ್ತೆ ಹೋಗಿ. ಗುರುತಿಗೆ ಏನಾದರೂ ಕಟ್ಟಬೇಕಲ್ವಾ? ನಾನು ಮೊದಲು ಕೆಂಪು ಪ್ಲಾಸ್ಟಿಕ್ ರಿಬ್ಬನ್ ಕಟ್ಟುತ್ತಿದ್ದೆ. ಎಂಟಕ್ಕೆ ಎಂಟನ್ನೂ ಮಂಗಗಳು ಬಿಚ್ಚಿಕೊಂಡು ಹೋದವು, ಎರಡು ಗೊಂಚಲು ಸಮೇತ. ಈಗ ಬಾಳೆನಾರು ಕಟ್ಟುತ್ತೇನೆ. ಅದರ ಕಡೆ ಅವು ತಿರುಗಿಯೂ ನೋಡಿಲ್ಲ.